ಮೇಜಿನ ಮೇಲೊಂದು ಕೊಳಗ ಇಡಿ: ಊರ ಮ್ಯೂಸಿಯಂನಲ್ಲಿ ಮಾತುಕತೆ ನಡೆಸುವುದು ಹೇಗೆ

ಶಿವಮೊಗ್ಗ ಸೀಮೆಯಲ್ಲಿ ಇತಿಹಾಸಕ್ಕೇನೂ ಬರ ಇಲ್ಲ. ತಾಳಗುಂದದ ಕಂಬ, ಬಳ್ಳಿಗಾವಿಯ ಕೇದಾರೇಶ್ವರ, ಕೆಳದಿ, ಇಕ್ಕೇರಿ, ನಗರ, ಈಸೂರು, ಕಾಗೋಡು, ಅಣೆಕಟ್ಟೆಯಿಂದಾದ ಶರಾವತಿ ಮುಳುಗಡೆ. ಪೇಟೆಯಲ್ಲೇ ತುಂಗೆಯ ದಡದಲ್ಲಿ ಶಿವಪ್ಪ ನಾಯಕನ ಅರಮನೆ ಇದೆ, ಅಲ್ಲೇ ಸರ್ಕಾರಿ ಮ್ಯೂಸಿಯಂ ಇದೆ. ಕೆಳದಿಯ ಮ್ಯೂಸಿಯಂನಲ್ಲಿ ತಾಳೆಗರಿಗಳ ಸಂಗ್ರಹ ಇದೆ. ಆದರೂ ಮ್ಯೂಸಿಯಂ ಅಂದರೆ ನಮ್ಮ ಜನಕ್ಕೆ ನೆನಪಾಗುವುದು ಶಾಲೆಯ ಪ್ರವಾಸ ಒಂದೇ. ಸಾಲಾಗಿ ಒಳಗೆ ಹೋಗಿದ್ದು, ಸಾಲಾಗಿ ಹೊರಗೆ ಬಂದಿದ್ದು, ‘ಮುಟ್ಟಬೇಡಿ’ ಎಂಬ ಬೋರ್ಡು.

ಜನರನ್ನು ಮತ್ತೆ ಅಲ್ಲಿಗೆ ಕರೆತರಬೇಕಾದರೆ ಮಾತುಕತೆ, ಕಮ್ಮಟ, ನಡಿಗೆ ಇಂಥವು ಬೇಕು. ದೊಡ್ಡ ಮ್ಯೂಸಿಯಂ ಆಗಬೇಕೆಂದೇನೂ ಇಲ್ಲ. ಶಾಲೆಯ ಒಂದು ಕೋಣೆಯಲ್ಲಿ ಊರಿನ ಹಳೆ ಸಾಮಾನು ಜೋಡಿಸಿಟ್ಟಿದ್ದರೂ ಸಾಕು. ಮೇಷ್ಟ್ರು, ಗ್ರಂಥಾಲಯ ನೋಡಿಕೊಳ್ಳುವವರು, ಯುವಕ ಸಂಘದವರು, ನಿವೃತ್ತರಾಗಿ ಊರಿಗೆ ಬಂದು ಏನಾದರೂ ಮಾಡೋಣ ಅಂದುಕೊಂಡವರು ಇದನ್ನು ಶುರು ಮಾಡಬಹುದು. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ, ಉಳಿದದ್ದೆಲ್ಲ ಅದರ ಸುತ್ತಲೇ ಇದೆ. ಕೇಳಲು ಬಂದವರಿಗೆ ಅರ್ಧ ಹೊತ್ತು ಮಾತಾಡಲು ಬಿಡಬೇಕು. ಮಲೆನಾಡಿನ ಇತಿಹಾಸದಲ್ಲಿ ಪುಸ್ತಕಕ್ಕೆ ಬಂದಿರುವುದು ಸ್ವಲ್ಪ. ಅಟ್ಟದ ಮೇಲೆ, ಅಜ್ಜಿಯರ ತಲೆಯಲ್ಲಿ ಇರುವುದೇ ಜಾಸ್ತಿ.

ಮೊದಲು ವಸ್ತು ಹುಡುಕಿ

ಸಾಮಾನ್ಯವಾಗಿ ನಾವು ಮೊದಲು ಭಾಷಣಕಾರರನ್ನು ಹುಡುಕುತ್ತೇವೆ, ಆಮೇಲೆ ಅವರಿಗೆ ಗೊತ್ತಿರುವ ವಿಷಯ ಇಡುತ್ತೇವೆ. ಇದನ್ನು ತಿರುಗಿಸಿ. ಮೊದಲು ಮ್ಯೂಸಿಯಂನಲ್ಲಿ ಇರುವ, ಅಥವಾ ಊರಲ್ಲಿ ಸಿಗುವ ಒಂದೇ ಒಂದು ವಸ್ತು ಆರಿಸಿ.

‘ಮಲೆನಾಡಿನ ಕೃಷಿ ಸಂಸ್ಕೃತಿ: ಒಂದು ಅವಲೋಕನ’ ಎಂದು ಕರಪತ್ರ ಹೊಡೆಸಿದರೆ ಹತ್ತಿರದ ಕಾಲೇಜಿನ ಹುಡುಗರು ಬರುತ್ತಾರೆ, ಅದೂ ಹಾಜರಿ ಕೊಡುತ್ತಾರೆ ಅಂತ. ಅದೇ ‘ನಿಮ್ಮ ಅಟ್ಟದ ಮೇಲಿರುವ ಕೊಳಗ ತನ್ನಿ, ಅಳೆದು ನೋಡೋಣ’ ಎಂದು ಹಾಕಿ ನೋಡಿ.

ಕೊಳಗ ಅಂದರೆ ಭತ್ತ ಅಳೆಯುವ ಹಳೆ ಕಾಲದ ಅಳತೆಪಾತ್ರೆ. ಅದರ ಉದಾಹರಣೆಯನ್ನೇ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಸಾಗರದ ಕಡೆ 1951ರಲ್ಲಿ ಗೇಣಿದಾರ ರೈತರ ಕಾಗೋಡು ಸತ್ಯಾಗ್ರಹ ನಡೆಯಿತು. ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು ಎನ್ನುವುದು ಎಲ್ಲರಿಗೂ ಗೊತ್ತು. ಆದರೆ ಒಡೆಯರಿಗೆ ಕೊಡಬೇಕಾದ ಗೇಣಿ ಭತ್ತ ಅಳೆಯುವ ಕೊಳಗ ಎಷ್ಟು ದೊಡ್ಡದಿರಬೇಕು ಎನ್ನುವುದೇ ಅಲ್ಲಿನ ಮುಖ್ಯ ತಕರಾರುಗಳಲ್ಲಿ ಒಂದಾಗಿತ್ತು ಎಂದರೆ ಇವತ್ತಿನ ಹುಡುಗರಿಗೆ ಅರ್ಥವಾಗುವುದಿಲ್ಲ. ಹಾಗಾಗಿ ಅರ್ಧ ಚೀಲ ಭತ್ತ ತರಿಸಿ. ಒಂದು ಸೇರು ಇಡಿ. ಬಂದವರು ತಂದ ಕೊಳಗಗಳನ್ನು ಒಂದೊಂದಾಗಿ ತುಂಬಿ, ಯಾವುದು ಎಷ್ಟು ಸೇರು ಹಿಡಿಯುತ್ತದೆ ಎಂದು ಕರಿಹಲಗೆ ಮೇಲೆ ಬರೆಯುತ್ತ ಹೋಗಿ. ಬಾಯಿ ಮಟ್ಟಕ್ಕೆ ಸವರಿ ಅಳೆಯಬೇಕೋ, ಗೋಪುರ ಬರುವ ಹಾಗೆ ತುಂಬಬೇಕೋ ಎನ್ನುವಲ್ಲಿಗೇ ಜಗಳ ಶುರುವಾಗುತ್ತದೆ. ಶುರುವಾಗಲಿ, ಅದಕ್ಕೇ ತಾನೇ ಕರೆದಿದ್ದು. ಯಾರೋ ಒಬ್ಬರು ಹಿರಿಯರು ಎದ್ದು ಬಂದು ಕೊಳಗ ಕೈಗೆ ತೆಗೆದುಕೊಂಡು ‘ಲಾಭ, ಎರಡು, ಮೂರು’ ಎಂದು, ಒಂದಕ್ಕೆ ‘ಲಾಭ’ ಎನ್ನುತ್ತ ಎಣಿಸತೊಡಗಿದರೆ, ಭೂಸುಧಾರಣೆ, 1974ರ ತಿದ್ದುಪಡಿ, ಉಳುವವನೇ ಹೊಲದೊಡೆಯ ಇದೆಲ್ಲ ತಾನಾಗೇ ಬರುತ್ತದೆ. ಭಾಷಣಕಾರರ ಕೆಲಸ ಅರ್ಧ ಮುಗಿದ ಹಾಗೆ.

ಒಂದು ಎಚ್ಚರಿಕೆ. ಇಂಥ ಸಭೆಯಲ್ಲಿ ಒಡೆಯರ ಮೊಮ್ಮಕ್ಕಳೂ ಇರುತ್ತಾರೆ, ಗೇಣಿದಾರರ ಮೊಮ್ಮಕ್ಕಳೂ ಇರುತ್ತಾರೆ. ಮನೆತನಗಳ ಹೆಸರು ಹಿಡಿದು ಆಡಬೇಡಿ ಎಂದು ಮೊದಲೇ ಹೇಳಿ. ಅಳತೆಯ ಬಗ್ಗೆ ಎಷ್ಟಾದರೂ ಜಗಳ ಆಡಲಿ.

ಬೇರೆ ಊರಿಗೆ ಬೇರೆ ವಸ್ತು. ಭದ್ರಾವತಿಯವರಾದರೆ ಕಬ್ಬಿಣದ ಕಾರ್ಖಾನೆಯ ಹಳೆ ಗೇಟ್ ಪಾಸ್ ಇಡಬಹುದು. 1923ರಲ್ಲಿ ಶುರುವಾದ ಆ ಕಾರ್ಖಾನೆಯ ಕುಲುಮೆ ಮೊದಮೊದಲು ಉರಿದಿದ್ದು ನಮ್ಮ ಕಾಡಿನ ಸೌದೆಯಿಂದ ಸುಟ್ಟ ಇದ್ದಿಲಿನಲ್ಲಿ, ಹಾಗಾಗಿ ಕಾಡಿನ ಕಥೆಯೂ ಅದರಲ್ಲೇ ಇದೆ. ಶರಾವತಿ ಹಿನ್ನೀರಿನ ದಡದ ಹೊಳೆಬಾಗಿಲಿನ ಕಡೆಯವರಾದರೆ ಹಿನ್ನೀರು ದಾಟಿಸುತ್ತಿದ್ದ ಲಾಂಚಿನ ಟಿಕೆಟ್ಟು, ಲಾಂಚಿನಲ್ಲಿ ಬಸ್ಸು ನಿಂತಿರುವ ಫೋಟೊ. 2025ರ ಜುಲೈನಲ್ಲಿ ಸಿಗಂದೂರು ಸೇತುವೆ ತೆರೆಯಿತು, ಈಗ ಆ ಟಿಕೆಟ್ಟು ಮ್ಯೂಸಿಯಂ ವಸ್ತುವೇ. ಅದನ್ನು ಈಗಲೇ ಕೂಡಿಡದಿದ್ದರೆ ಆಮೇಲೆ ಸಿಗುವುದಿಲ್ಲ. ಭೂಮಿ ಪೂಜೆಯ ಹಬ್ಬವಾದ ಭೂಮಿ ಹುಣ್ಣಿಮೆ ಹತ್ತಿರ ಬಂದಾಗ, ಆ ಪೂಜೆಗೆ ಚಿತ್ತಾರ ಬರೆದು ಒಯ್ಯುವ ಭೂಮಣ್ಣಿ ಬುಟ್ಟಿ ಇಟ್ಟುಕೊಂಡು ಚಿತ್ತಾರದ ಕಮ್ಮಟ ಮಾಡಬಹುದು. ಆದರೆ ಚಿತ್ತಾರ ಬರೆಯುವ ದೀವರ ಸಮುದಾಯದ ಹೆಂಗಸರೇ ಕಲಿಸಬೇಕು. ಅಕ್ಕಿಹಿಟ್ಟಿನ ಬಿಳಿ, ಕೆಮ್ಮಣ್ಣಿನ ಕೆಂಪು, ಸುಟ್ಟಕ್ಕಿಯ ಕಪ್ಪು, ಪುಂಡಿನಾರಿನ ಕುಂಚ, ಇವುಗಳಲ್ಲೇ ಆಗಲಿ. ಅಂಗಡಿಯ ಪೋಸ್ಟರ್ ಬಣ್ಣ ತರಬೇಡಿ. ಕಲಿಸುವವರಿಗೆ ಸಂಭಾವನೆ ಕೊಡಿ. ಪ್ರೊಫೆಸರರಿಗೆ ಕವರು, ಅವರಿಗೆ ಬರೀ ಶಾಲು ಎಂದಾಗಬಾರದು.

ದಿನ, ಹೊತ್ತು, ಕೊನೆಯ ಬಸ್ಸು

ಬೆಂಗಳೂರಿನ ಕ್ಯಾಲೆಂಡರ್ ಇಲ್ಲಿ ನಡೆಯುವುದಿಲ್ಲ. ನವೆಂಬರ್ 19ರಿಂದ 25ರವರೆಗೆ ವಿಶ್ವ ಪರಂಪರೆ ಸಪ್ತಾಹ. ಚೆನ್ನಾಗಿಯೇ ಇದೆ, ಆದರೆ ನಮ್ಮಲ್ಲಿ ಅದು ಅಡಿಕೆ ಕೊಯ್ಲಿನ ಕಾಲ. ಹಗಲು ಕೊಯ್ಲು, ರಾತ್ರಿ ಸುಲಿತ. ತೋಟದವರು ಯಾರೂ ಬರುವುದಿಲ್ಲ, ಮರ ಹತ್ತಿ ಕೊನೆ ಕೊಯ್ಯುವ ಕೊನೆಗೌಡ ಅಂತೂ ಬರುವುದೇ ಇಲ್ಲ. ಆ ವಾರ ಶಾಲೆ ಮಕ್ಕಳಿಗೆ ಏನಾದರೂ ಮಾಡಿ, ಊರವರಿಗೆ ಬೇಡ. ಮೇ 18ರ ಅಂತರರಾಷ್ಟ್ರೀಯ ಮ್ಯೂಸಿಯಂ ದಿನ ನಮಗೆ ಹೇಳಿ ಮಾಡಿಸಿದ್ದು. ಮಳೆ ಹಿಡಿದಿರುವುದಿಲ್ಲ, ಬೇಸಿಗೆ ರಜೆ, ಬೆಂಗಳೂರಿನ ಮೊಮ್ಮಕ್ಕಳು ಅಜ್ಜನ ಮನೆಯಲ್ಲಿ ಇರುತ್ತಾರೆ. ಮದುವೆ ಮುಹೂರ್ತ ಮಾತ್ರ ಪಂಚಾಂಗದಲ್ಲಿ ನೋಡಿಕೊಳ್ಳಿ.

ಜೂನ್‌ನಿಂದ ಸೆಪ್ಟೆಂಬರ್ ತನಕ ಮಾಡುವುದಾದರೆ ಮೊದಲು ಕಟ್ಟಡದ ಮಾಡು (ಸೂರು) ನೋಡಿ. ತಗಡಿನ ಶೀಟಿನ ಕೆಳಗೆ ಆಷಾಢದ ಮಳೆ ಬಂದರೆ ಮೈಕಿದ್ದರೂ ಏನೂ ಕೇಳುವುದಿಲ್ಲ. ಹಂಚಿನ ಮಾಡಾದರೆ ಪರವಾಗಿಲ್ಲ. ಕರೆಂಟು ಹೋಗುತ್ತದೆ ಎಂದೇ ಲೆಕ್ಕ ಹಾಕಿ. ಪ್ರೊಜೆಕ್ಟರ್ ನಂಬಿಕೊಂಡ ಕಾರ್ಯಕ್ರಮ ಜುಲೈನಲ್ಲಿ ಬೇಡ. ಮುಖ್ಯವಾದ ನಾಲ್ಕು ಚಿತ್ರ ದೊಡ್ಡದಾಗಿ ಪ್ರಿಂಟ್ ಹಾಕಿಸಿ ಗೋಡೆಗೆ ಅಂಟಿಸಿದರೆ ಯಾರ ಹಂಗೂ ಇಲ್ಲ.

ಹೊತ್ತು ಗೊತ್ತು ಮಾಡುವಾಗ ಕೊನೆಯ ಬಸ್ಸಿನಿಂದ ಹಿಂದಕ್ಕೆ ಎಣಿಸಿ. ಹಳ್ಳಿ ಕಡೆಯ ಕೊನೆ ಬಸ್ಸು ಆರೂವರೆಗೆ ಇದ್ದರೆ ಮಾತು ಐದಕ್ಕೆ ಮುಗಿಯಬೇಕು, ಅರ್ಧ ಗಂಟೆ ಕಾಫಿ, ಉಳಿದದ್ದು ನಡೆದು ಹೋಗಲಿಕ್ಕೆ. ಹೆಂಗಸರಿಗೆ ಹಾಲು ಕರೆಯುವ ಹೊತ್ತು ಬೇರೆ ಇದೆ. ಭಾನುವಾರ ಮಧ್ಯಾಹ್ನ ಎರಡೂವರೆಯಿಂದ ಐದು ಸಾಮಾನ್ಯವಾಗಿ ಹೊಂದುತ್ತದೆ. ಆ ದಿನ ಊರಲ್ಲಿ ಸಂತೆ, ಜಾತ್ರೆ, ರಾತ್ರಿ ಆಟ ಏನಾದರೂ ಇದೆಯಾ ಎಂದು ಒಮ್ಮೆ ಕೇಳಿ. ಯಕ್ಷಗಾನದ ಜೊತೆ ಪೈಪೋಟಿ ಮಾಡಿ ಗೆದ್ದವರಿಲ್ಲ.

ಅನುಮತಿ

ಸರ್ಕಾರಿ ಮ್ಯೂಸಿಯಂ ಆದರೆ ರಾಜ್ಯದ ಪುರಾತತ್ವ, ಸಂಗ್ರಹಾಲಯಗಳು ಮತ್ತು ಪರಂಪರೆ ಇಲಾಖೆಗೆ ಒಂದು ತಿಂಗಳು ಮೊದಲೇ ಅರ್ಜಿ ಕೊಡಿ. ಎಷ್ಟು ಜನ, ಎಷ್ಟು ಹೊತ್ತು, ಮೈಕ್ ಇದೆಯಾ, ಊಟ ತಿಂಡಿ ಎಲ್ಲಿ, ಯಾರು ಜವಾಬ್ದಾರಿ, ಇಷ್ಟು ಅರ್ಜಿಯಲ್ಲೇ ಇರಲಿ. ಇಕ್ಕೇರಿಯ ಅಘೋರೇಶ್ವರ, ಬಳ್ಳಿಗಾವಿಯ ಕೇದಾರೇಶ್ವರದಂಥ ಗುಡಿಗಳು ಕೇಂದ್ರದ ಪುರಾತತ್ವ ಸರ್ವೇಕ್ಷಣೆಯ ಕೈಯಲ್ಲಿವೆ. ಅಲ್ಲಿ ಸುಮ್ನೆ ಹೋಗಿ ನೋಡಿ ಬರುವುದು ಬೇರೆ, ಕಾರ್ಯಕ್ರಮ ಮಾಡುವುದು ಬೇರೆ. ಎರಡನೆಯದಕ್ಕೆ ಕೇಳಲೇಬೇಕು. ಸಹಿ ಸೀಲು ಬಿದ್ದ ಪ್ರತಿಯನ್ನು ಆ ದಿನ ಜೇಬಲ್ಲಿ ಇಟ್ಟುಕೊಳ್ಳಿ.

ಮಾತಾಡುವವರಿಗೆ ಏನು ಹೇಳಬೇಕು

ಒಬ್ಬರು ಸಾಕು. ಇಬ್ಬರಾದರೆ ಎರಡನೆಯವರು ‘ನನಗಿಂತ ಮೊದಲು ಮಾತಾಡಿದವರು ಎಲ್ಲವನ್ನೂ ಹೇಳಿಬಿಟ್ಟಿದ್ದಾರೆ’ ಎಂದು ಶುರು ಮಾಡಿ ಮುಕ್ಕಾಲು ಗಂಟೆ ತೆಗೆದುಕೊಳ್ಳುತ್ತಾರೆ.

ಕರೆಯುವಾಗಲೇ ಮೂರು ಮಾತು ಸ್ಪಷ್ಟವಾಗಿ ಹೇಳಿ. ನಲವತ್ತು ನಿಮಿಷ. ಮೇಜಿನ ಮೇಲಿರುವ ವಸ್ತುವಿನಿಂದಲೇ ಶುರುವಾಗಬೇಕು. ಆಮೇಲಿನ ನಲವತ್ತು ನಿಮಿಷ ಕುಳಿತವರದು. ವಿದ್ವಾಂಸರು ಇದಕ್ಕೆ ಬೇಜಾರು ಮಾಡಿಕೊಳ್ಳುವುದಿಲ್ಲ. ನಿಜವಾಗಿ ಕೆಲಸ ಮಾಡುವವರಿಗೆ ಇದು ಇಷ್ಟವೇ ಆಗುತ್ತದೆ, ಏಕೆಂದರೆ ಅವರಿಗೂ ಸಭೆಯಿಂದ ಏನಾದರೂ ಸಿಗುತ್ತದೆ.

ಶಾಸನದ ವಿಷಯ ಆದರೆ ನೀವೂ ಸ್ವಲ್ಪ ಓದಿಕೊಂಡಿರಿ. ಬಿ. ಎಲ್. ರೈಸ್ ಅವರ ಶಾಸನ ಸಂಗ್ರಹ ಎಪಿಗ್ರಾಫಿಯಾ ಕರ್ನಾಟಿಕಾದ ಏಳು ಮತ್ತು ಎಂಟನೇ ಸಂಪುಟಗಳು ಆಗಿನ ಶಿವಮೊಗ್ಗ ಜಿಲ್ಲೆಗೇ ಮೀಸಲು. 1902ರಲ್ಲಿ ಒಂದು, 1904ರಲ್ಲಿ ಇನ್ನೊಂದು ಬಂತು. ಅಂತರ್ಜಾಲದಲ್ಲಿ ಪುಕ್ಕಟೆ ಸಿಗುತ್ತವೆ. ಶಾಸನಗಳನ್ನು ತಾಲ್ಲೂಕುವಾರು ಜೋಡಿಸಿದ್ದಾರೆ, ಹಾಗಾಗಿ ನಿಮ್ಮೂರಿನದನ್ನು ಹುಡುಕುವುದು ಕಷ್ಟ ಇಲ್ಲ. ಹೊನ್ನಾಳಿ, ಚನ್ನಗಿರಿ ಆಗ ಇದೇ ಜಿಲ್ಲೆಯಲ್ಲಿದ್ದವು, ಅವೂ ಅದರಲ್ಲೇ ಇವೆ. ‘ನಮ್ಮೂರ ಕಲ್ಲು ನೂರು ವರ್ಷದ ಹಿಂದೆಯೇ ಪುಸ್ತಕದಲ್ಲಿ ಅಚ್ಚಾಗಿದೆ’ ಎಂದು ಆ ಪುಟದ ಜೆರಾಕ್ಸ್ ತೋರಿಸಿದರೆ ಊರವರು ಕಲ್ಲನ್ನು ನೋಡುವ ರೀತಿಯೇ ಬದಲಾಗುತ್ತದೆ.

ಪ್ರಚಾರ

ವಾಟ್ಸಾಪಿನಲ್ಲಿ ಹಾಕಿ, ಸರಿ. ಆದರೆ ನಿಮಗೆ ಬೇಕಾದ ಎಪ್ಪತ್ತು ದಾಟಿದವರು ಅದರಲ್ಲಿ ಇಲ್ಲ. ಹಾಲಿನ ಡೈರಿ, ಅಡಿಕೆ ಸೊಸೈಟಿ, ನ್ಯಾಯಬೆಲೆ ಅಂಗಡಿ, ಬಸ್ ಸ್ಟ್ಯಾಂಡಿನ ಹೋಟೆಲು, ಇಲ್ಲಿ ಕೈಬರಹದ ಚೀಟಿ ಅಂಟಿಸಿ. ಸ್ತ್ರೀಶಕ್ತಿ ಸಂಘದ ವಾರದ ಸಭೆಗೆ ಹೋಗಿ ಬಾಯಲ್ಲೇ ಹೇಳಿ. ಆಕಾಶವಾಣಿ ಭದ್ರಾವತಿಗೆ, ಸ್ಥಳೀಯ ಪತ್ರಿಕೆಯ ‘ಇಂದಿನ ಕಾರ್ಯಕ್ರಮ’ಕ್ಕೆ ವಾರ ಮೊದಲೇ ಕಳಿಸಿ. ಇಂಥವರು ಬರಲೇಬೇಕು ಅನಿಸಿದ ನಾಲ್ಕೈದು ಹಿರಿಯರ ಮನೆಗೆ ನೀವೇ ಹೋಗಿ ಕರೆಯಿರಿ. ಕರೆಯದೆ ಅವರು ಬರುವುದಿಲ್ಲ. ಕರೆದುಕೊಂಡು ಬರಲು ಒಬ್ಬ ಹುಡುಗನನ್ನೂ ಗೊತ್ತು ಮಾಡಿ.

ಸಭೆಯ ದಿನ

ವೇದಿಕೆ ಬೇಡ. ಮೇಜು ನಡುವೆ, ಕುರ್ಚಿ ಸುತ್ತ. ಕೆಳಗೆ ಕೂರಲು ಆಗದವರಿಗೆ ಕೈ ಇರುವ ಕುರ್ಚಿ ಮುಂದಿನ ಸಾಲಿನಲ್ಲಿ. ಗಣ್ಯರಿಗೆ ಎಂದು ಮುಂದಿನ ಸಾಲು ಖಾಲಿ ಬಿಡುವ ಚಾಳಿ ನಮ್ಮಲ್ಲಿದೆ, ಅವರು ಮುಕ್ಕಾಲು ಗಂಟೆ ತಡವಾಗಿ ಬಂದು ಇಪ್ಪತ್ತು ನಿಮಿಷದಲ್ಲಿ ಎದ್ದು ಹೋಗುತ್ತಾರೆ.

ಪ್ರಾರ್ಥನೆ, ಸ್ವಾಗತ, ಪ್ರಾಸ್ತಾವಿಕ, ದೀಪ, ಹಾರ, ಶಾಲು, ಅಧ್ಯಕ್ಷರ ನುಡಿ, ವಂದನಾರ್ಪಣೆ. ಇದೆಲ್ಲ ಪೂರ್ತಿ ನಡೆದರೆ ಮಾತಿಗೆ ಉಳಿಯುವುದು ಚೂರೇ. ಪೂರಾ ಬಿಟ್ಟರೆ ಕೆಲವರಿಗೆ ಬೇಸರ, ಅದೂ ನಿಜ. ಒಂದು ಹಾಡು, ಎರಡು ನಿಮಿಷದ ಸ್ವಾಗತ, ಅಷ್ಟಕ್ಕೆ ನಿಲ್ಲಿಸಿ. ವಂದನೆಯನ್ನು ಕಾಫಿ ಕೊಡುವಾಗ ಹೇಳಿದರೂ ಆಗುತ್ತದೆ. ಸ್ಥಳೀಯ ಜನಪ್ರತಿನಿಧಿ ಬಂದರೆ ಗೌರವದಿಂದ ಕೂರಿಸಿ, ‘ನಿಮ್ಮ ಮನೆಯಲ್ಲಿ ಕೊಳಗ ಇತ್ತಾ ಸಾರ್?’ ಎಂದು ಅವರನ್ನೂ ಕೇಳಿ. ಭಾಷಣ ತಪ್ಪಿಸಲು ಇದಕ್ಕಿಂತ ಒಳ್ಳೆ ದಾರಿ ಇಲ್ಲ.

ಕಾಫಿ, ಕಷಾಯ, ಮಂಡಕ್ಕಿ ಸಾಕು.

ಜನರ ಬಾಯಿಂದ ಮಾತು ಹೊರಡಿಸುವುದು

ಇಡೀ ಕಾರ್ಯಕ್ರಮದಲ್ಲಿ ಕಷ್ಟದ ಕೆಲಸ ಇದೇ, ಹಾಗಾಗಿ ಇದಕ್ಕೆ ಒಬ್ಬರನ್ನು ಬೇರೆಯೇ ಇಡಿ. ‘ಯಾರಿಗಾದರೂ ಪ್ರಶ್ನೆ ಇದೆಯಾ?’ ಎಂದರೆ ಎಲ್ಲರೂ ನೆಲ ನೋಡುತ್ತಾರೆ. ಇಲ್ಲವೇ ಪ್ರತಿ ಸಭೆಯಲ್ಲೂ ಇರುವ ಆ ಒಬ್ಬರು ಎದ್ದು ಪ್ರಶ್ನೆಯ ಹೆಸರಲ್ಲಿ ಭಾಷಣ ಮಾಡುತ್ತಾರೆ. ಹೆಸರು ಹಿಡಿದು, ಸಣ್ಣ ವಿಷಯ ಕೇಳಿ. ‘ಅಮ್ಮಾ, ಮುಳುಗಡೆಗೆ ಮೊದಲು ನಿಮ್ಮ ಮನೆಯಿಂದ ಹೊಳೆಗೆ ಎಷ್ಟು ದೂರ ಇತ್ತು? ನೀರು ತರುತ್ತಿದ್ದವರು ಯಾರು?’

ಇಸವಿ ಕೇಳಬೇಡಿ. ‘ಯಾವ ವರ್ಷ ಅದು?’ ಎಂದ ಕೂಡಲೇ ಹಿರಿಯರು ಹೆದರಿ, ‘ನಂಗೆ ಅದೆಲ್ಲ ಗೊತ್ತಿಲ್ಲ ಮಾರಾಯ್ರೆ, ನಾನು ಓದಿದವಳಲ್ಲ’ ಎಂದು ಸುಮ್ಮನಾಗುತ್ತಾರೆ. ಬದಲಿಗೆ, ಲಿಂಗನಮಕ್ಕಿಗೆ ಮೊದಲೋ ಆಮೇಲೋ, ನಿಮ್ಮ ಮದುವೆಗೆ ಮೊದಲೋ, ದೊಡ್ಡ ಮಗ ಹುಟ್ಟಿದ್ದನೋ ಎಂದು ಕೇಳಿ. ಲಿಂಗನಮಕ್ಕಿ ಅಣೆಕಟ್ಟೆ 1964ರದ್ದು, ಅದರಿಂದ ಇಸವಿಯನ್ನು ನೀವೇ ಲೆಕ್ಕ ಹಾಕಿಕೊಳ್ಳಬಹುದು. ಅದಕ್ಕೂ ಮೊದಲು 1948ರಲ್ಲಿ ಹಿರೇಭಾಸ್ಕರ ಅಣೆಕಟ್ಟೆ ಆಗಿತ್ತು. ಬೇಸಿಗೆಯಲ್ಲಿ ಹಿನ್ನೀರು ತೀರಾ ಇಳಿದಾಗ ಅದು ಈಗಲೂ ಮೇಲೆ ಕಾಣಿಸುತ್ತದೆ. ಎರಡು ಮುಳುಗಡೆಯನ್ನೂ ಕಂಡ ಮನೆಗಳು ಸಾಗರ, ಹೊಸನಗರದ ಕಡೆ ಇವೆ. 1964ರಲ್ಲಿ ಹತ್ತು ವರ್ಷದವರಾಗಿದ್ದವರಿಗೆ ಈಗ ಎಪ್ಪತ್ತು ದಾಟಿದೆ. ಈ ವಿಷಯದ ಮಾತುಕತೆಯನ್ನು ಮುಂದಿನ ವರ್ಷಕ್ಕೆ ತಳ್ಳಬೇಡಿ.

ರೆಕಾರ್ಡ್ ಮಾಡುವ ಮೊದಲು ಒಪ್ಪಿಗೆ ಕೇಳಿ, ಅವರು ‘ಆಗಲಿ’ ಎಂದಿದ್ದೂ ರೆಕಾರ್ಡಿನಲ್ಲಿ ಇರಲಿ. ಫೋನು ಏರೋಪ್ಲೇನ್ ಮೋಡಿನಲ್ಲಿರಲಿ, ಕೆಳಗೆ ಮಡಿಸಿದ ಟವೆಲ್ ಹಾಕಿ. ಇಲ್ಲದಿದ್ದರೆ ಯಾರೋ ಮೇಜಿನ ಮೇಲೆ ಲೋಟ ಇಟ್ಟ ಸದ್ದು ಗುಡುಗಿದ ಹಾಗೆ ಕೇಳುತ್ತದೆ. ಒಬ್ಬರು ಪಕ್ಕದಲ್ಲೇ ಕೂತು ಊರು, ಹೊಳೆ, ಹಕ್ಕಲಿನ ಹೆಸರುಗಳನ್ನು ಮಾತ್ರ ಬರೆದುಕೊಳ್ಳಲಿ. ಆಮೇಲೆ ಕೇಳುವಾಗ ತಪ್ಪುವುದು ಅವೇ.

‘ಮನೆಯ ಕಾಗದ ತನ್ನಿ’ ದಿನ

ಎರಡು ಮೂರು ಮಾತುಕತೆ ಆಗಿ ಜನರಿಗೆ ನಿಮ್ಮ ಮೇಲೆ ನಂಬಿಕೆ ಬಂದ ಮೇಲೆ ಇದನ್ನು ಮಾಡಿ, ಮೊದಲೇ ಬೇಡ. ಮನೆಯಲ್ಲಿರುವ ಹಳೆ ಪತ್ರ, ಫೋಟೊ, ತಾಳೆಗರಿ, ಕಡತ ತಂದರೆ ಏನೆಂದು ನೋಡಿ, ಫೋಟೊ ತೆಗೆದು, ಆಗಲೇ ವಾಪಸು ಕೊಡುವ ದಿನ ಇದು. ‘ಆಗಲೇ ವಾಪಸು’ ಎಂಬುದನ್ನು ಚೀಟಿಯಲ್ಲಿ ದಪ್ಪ ಅಕ್ಷರದಲ್ಲಿ ಬರೆಯಿರಿ. ಬಾಗಿಲಲ್ಲೇ ನಂಬರ್ ಹಾಕಿದ ರಸೀದಿ ಕೊಡಿ. ಒಬ್ಬರದು ಮುಗಿದ ಮೇಲೆ ಇನ್ನೊಬ್ಬರದು ಬಿಚ್ಚಿ, ಬೆರಕೆ ಆಗಬಾರದು.

ಕಡತ ಬಂದರೆ ಜೋಪಾನ. ಬಟ್ಟೆಗೆ ಹುಣಸೆಬೀಜದ ಅಂಟು, ಇದ್ದಿಲ ಪುಡಿ ಬಳಿದು ಕಪ್ಪು ಮಾಡಿ, ಹಿಂದೆ ಮುಂದೆ ಮಡಿಸಿ, ಬಳಪದಲ್ಲಿ ಬರೆದದ್ದು ಅದು. ಶೃಂಗೇರಿ ಮಠದಲ್ಲಿ ಇಂಥವುಗಳ ದೊಡ್ಡ ಸಂಗ್ರಹವೇ ಇದೆ. ಬಳಪದ ಬರಹ ಒರೆಸಿದರೆ ಹೋಗುತ್ತದೆ. ಧೂಳು ಇದೆ ಎಂದು ಯಾರಾದರೂ ಒದ್ದೆ ಬಟ್ಟೆ ಹಾಕಿದರೆ ಇನ್ನೂರು ವರ್ಷದ ಲೆಕ್ಕ ಒಂದೇ ನಿಮಿಷದಲ್ಲಿ ಮಾಯ. ಕೈ ತೊಳೆದು ಪೂರ್ತಿ ಒರೆಸಿಕೊಂಡು, ಮಡಿಕೆಯ ಎರಡೂ ತುದಿ ಹಿಡಿದು, ಅದು ಎಷ್ಟು ಬಿಚ್ಚಿಕೊಳ್ಳುತ್ತದೋ ಅಷ್ಟೇ ಬಿಚ್ಚಿ. ಕಿಟಕಿಯ ಬೆಳಕಿನಲ್ಲಿ ಫೋಟೊ ತೆಗೆಯಿರಿ, ಫ್ಲ್ಯಾಶ್ ಬೇಡ. ಹರಿದ ಕಾಗದಕ್ಕೆ ಸೆಲ್ಲೋಟೇಪ್ ಹಚ್ಚಬೇಡಿ, ಲ್ಯಾಮಿನೇಶನ್ ಮಾಡಿಸಬೇಡಿ ಎಂದು ಬಂದವರಿಗೆಲ್ಲ ಹೇಳಿ ಕಳಿಸಿ. ತಾಳೆಗರಿಗೆ ಮನೆಯಲ್ಲಿ ಕೊಬ್ಬರಿ ಎಣ್ಣೆ ಸವರುವುದೂ ಬೇಡ, ತಿಳಿದವರು ಮಜ್ಜಿಗೆಹುಲ್ಲಿನ ಎಣ್ಣೆ ಬಳಸುತ್ತಾರೆ. ಅದನ್ನು ಅವರ ಕೈಯಲ್ಲೇ ಮಾಡಿಸುವುದು ಒಳ್ಳೆಯದು.

‘ಇದಕ್ಕೆ ಎಷ್ಟು ಬೆಲೆ ಬರಬಹುದು?’ ಎಂದು ಕೇಳೇ ಕೇಳುತ್ತಾರೆ. ಬೆಲೆ ಹೇಳಬೇಡಿ, ಯಾರೂ ಹೇಳಬಾರದು. ನೂರು ವರ್ಷ ದಾಟಿದ ವಿಗ್ರಹ, ನಾಣ್ಯ, ಕಲಾವಸ್ತುಗಳು, ಎಪ್ಪತ್ತೈದು ವರ್ಷ ದಾಟಿದ ಮಹತ್ವದ ಹಸ್ತಪ್ರತಿಗಳು 1972ರ ಪುರಾವಸ್ತು ಕಾಯ್ದೆಗೆ ಸೇರುತ್ತವೆ. ಅವನ್ನು ಮಾರುವುದಕ್ಕೆ, ಹೊರದೇಶಕ್ಕೆ ಕಳಿಸುವುದಕ್ಕೆ ಕಟ್ಟುನಿಟ್ಟು ಇದೆ. ಸಭೆಯ ಅಂಚಿನಲ್ಲಿ ನಿಂತು ಎಲ್ಲರ ಫೋನ್ ನಂಬರ್ ಕೇಳುವ ಅಪರಿಚಿತರ ಮೇಲೂ ಒಂದು ಕಣ್ಣಿಡಿ.

ಇನ್ನು ನಿಧಿಯವರು. ಅವರು ಬಂದೇ ಬರುತ್ತಾರೆ, ಪಕ್ಕಕ್ಕೆ ಕರೆದು ಮೆಲ್ಲಗೆ ಕೇಳುತ್ತಾರೆ. ದಾನಶಾಸನದಲ್ಲಿ ‘ನಿಧಿ ನಿಕ್ಷೇಪ’ ಎಂದು ಬರೆದಿರುವುದನ್ನು ಯಾರೋ ಓದಿ ಹೇಳಿರುತ್ತಾರೆ. ಅದು ಆ ಭೂಮಿಯ ಜೊತೆ ಕೊಟ್ಟ ಹಕ್ಕುಗಳ ಪಟ್ಟಿ, ನೀರು, ಕಲ್ಲು ಎಲ್ಲದರ ಜೊತೆ ಸೇರಿ ಬರುವ ಮಾಮೂಲಿ ಸಾಲು ಎಂದು ಬಿಡಿಸಿ ಹೇಳಿ. ನೆಲದಲ್ಲಿ ನಿಜವಾಗಿ ಏನಾದರೂ ಸಿಕ್ಕರೆ ಕರ್ನಾಟಕದ 1962ರ ನಿಧಿ ಕಾಯ್ದೆಯ ಪ್ರಕಾರ ಸರ್ಕಾರಕ್ಕೆ ತಿಳಿಸಬೇಕು ಎಂದೂ ಸೇರಿಸಿ. ಅಷ್ಟಕ್ಕೂ 1763ರಲ್ಲಿ ಬಿದನೂರನ್ನು (ಈಗಿನ ನಗರ) ಹಿಡಿದ ಹೈದರಾಲಿ ನಮಗೆ ಅಂತ ಏನಾದರೂ ಬಿಟ್ಟು ಹೋಗುವ ಆಸಾಮಿಯೇ?

ಕಲ್ಲಿನ ಹತ್ತಿರಕ್ಕೆ ನಡಿಗೆ

ಸೊರಬ, ಶಿಕಾರಿಪುರದ ಕಡೆ ವೀರಗಲ್ಲು, ಮಾಸ್ತಿಗಲ್ಲು ಇಲ್ಲದ ಊರು ಹುಡುಕುವುದು ಕಷ್ಟ. ಒಂದೇ ಊರು, ಮೂರು ಕಲ್ಲು, ಎರಡು ಗಂಟೆ, ಇಷ್ಟಿದ್ದರೆ ನಡಿಗೆ ಚೆನ್ನಾಗಿರುತ್ತದೆ. ಬೆಳಿಗ್ಗೆ ಏಳೂವರೆಗೇ ಹೊರಡಿ. ಓರೆ ಬಿಸಿಲಿನಲ್ಲಿ ಸವೆದ ಅಕ್ಷರವೂ ನೆರಳು ಹಿಡಿದು ಎದ್ದು ಕಾಣುತ್ತದೆ. ಬಿಸಿಲಿಲ್ಲದಿದ್ದರೆ ಟಾರ್ಚನ್ನು ಕಲ್ಲಿನ ಪಕ್ಕಕ್ಕೆ ಹಿಡಿಯಿರಿ, ಎದುರಿಗೆ ಹಿಡಿಯಬೇಡಿ. ಸೀಮೆಸುಣ್ಣ, ಹಿಟ್ಟು, ಎಣ್ಣೆ, ತಂತಿ ಬ್ರಷ್ಷು ಏನೂ ಬೇಡ. ಕೆಳಗಿನ ಪಟ್ಟಿಯಿಂದ ಮೇಲಕ್ಕೆ ಓದುವುದನ್ನು ಮಕ್ಕಳಿಗೆ ಕಲಿಸಿ: ಕೆಳಗೆ ಕಾಳಗ, ನಡುವೆ ವೀರನನ್ನು ಎತ್ತಿಕೊಂಡು ಹೋಗುವ ಅಪ್ಸರೆಯರು, ಮೇಲೆ ಲಿಂಗದ ಮುಂದೆ ಕುಳಿತ ವೀರ, ತುದಿಯಲ್ಲಿ ಸೂರ್ಯ ಚಂದ್ರ. ಕೆಳಪಟ್ಟಿಯಲ್ಲಿ ದನ ಇದ್ದರೆ ತುರು ಕಾಯಲು ಹೋಗಿ ಸತ್ತವನ ಕಲ್ಲು ಇರಬಹುದು. ಆ ಕಲ್ಲಿಗೆ ಊರಲ್ಲಿ ಪೂಜೆ ನಡೆಯುತ್ತಿದ್ದರೆ ಚಪ್ಪಲಿ ಬಿಟ್ಟು, ಕೇಳಿ, ಹತ್ತಿರ ಹೋಗಿ.

ಮಳೆಗಾಲದಲ್ಲಿ ಉಂಬಳ (ಜಿಗಣೆ) ಹತ್ತುತ್ತದೆ, ಸುಣ್ಣ ತಂಬಾಕು ಇಟ್ಟುಕೊಂಡರೆ ಆಯಿತು. ಬೇಸಿಗೆಯ ಉಣುಗು (ಉಣ್ಣೆ) ಹಾಗಲ್ಲ, ಮಂಗನ ಕಾಯಿಲೆ ಹರಡುವುದು ಅದೇ. 1957ರಲ್ಲಿ ಮಂಗನ ಕಾಯಿಲೆ ಮೊದಲು ಪತ್ತೆಯಾಗಿದ್ದು ಸೊರಬ ತಾಲ್ಲೂಕಿನ ಕ್ಯಾಸನೂರಿನ ಕಾಡಿನಲ್ಲಿ, ಈಗಲೂ ಚಳಿಗಾಲದ ಕೊನೆಯಿಂದ ಮಳೆ ಹಿಡಿಯುವವರೆಗೆ ಅದು ಕಾಣಿಸಿಕೊಳ್ಳುತ್ತದೆ. ಆ ತಿಂಗಳುಗಳಲ್ಲಿ ಕಾಡಿನೊಳಗಿನ ಕಲ್ಲು ಬಿಡಿ, ಊರೊಳಗಿನದು ನೋಡಿ. ಹೊರಡುವ ಮೊದಲು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಈ ಸಲ ಎಲ್ಲೆಲ್ಲಿ ಮಂಗ ಸತ್ತಿದೆ ಎಂದು ವಿಚಾರಿಸಿ. ತುಂಬು ತೋಳಿನ ಅಂಗಿ, ಮನೆಗೆ ಬಂದ ಕೂಡಲೇ ಬಿಸಿನೀರಿನ ಸ್ನಾನ ಎಲ್ಲರಿಗೂ ಕಡ್ಡಾಯ.

ಮಾರನೇ ದಿನದ ಕೆಲಸ

ಕುರ್ಚಿ ವಾಪಸು ಕೊಟ್ಟರೆ ಮುಗಿಯಲಿಲ್ಲ. ರೆಕಾರ್ಡಿಂಗ್‌ಗೆ ಊರು, ಮಾತಾಡಿದವರು, ತಾರೀಖು ಹಾಕಿ ಹೆಸರಿಡಿ. ಎರಡು ಕಡೆ ಇಡಿ, ಒಂದು ಮ್ಯೂಸಿಯಂನ ಕಂಪ್ಯೂಟರಿನಲ್ಲಿ, ಇನ್ನೊಂದು ಹಾರ್ಡ್ ಡಿಸ್ಕಿನಲ್ಲಿ ಬೇರೆಯವರ ಮನೆಯಲ್ಲಿ. ವಾರದೊಳಗೆ ಒಂದು ಪುಟದ ಟಿಪ್ಪಣಿ ಬರೆದು, ಆ ವಸ್ತುವಿನ ಪಕ್ಕದಲ್ಲೇ ಮ್ಯೂಸಿಯಂ ಗೋಡೆಗೆ ಹಾಕಿ. ‘ಕೊಳಗ, ಮರ, ಸಾಗರ ತಾಲ್ಲೂಕು’ ಎಂಬ ಹಳೆ ಚೀಟಿಯ ಕೆಳಗೆ ಅದು ಎಷ್ಟು ಸೇರು ಹಿಡಿಯಿತು, ಯಾವ ಕಡೆಯವರು ಹೇಗೆ ಅಳೆಯುತ್ತಿದ್ದರು ಎಂಬುದು ಬರಲಿ. ಮಾತಾಡಿದ ಹಿರಿಯರ ಹೆಸರನ್ನು ಅವರು ಒಪ್ಪಿದರೆ ಹಾಕಿ.

ರೆಕಾರ್ಡಿಂಗಿನ ಒಂದು ಪ್ರತಿಯನ್ನು ಪೆನ್‌ಡ್ರೈವಿಗೆ ಹಾಕಿ ಅವರ ಮನೆಗೆ ಕೊಟ್ಟು ಬನ್ನಿ. ಪುರಸೊತ್ತು ಮಾಡಿಕೊಂಡು ಹೋಗಿ. ಸಭೆಯಲ್ಲಿ ಹೇಳದೆ ಬಿಟ್ಟಿದ್ದನ್ನು ಅವರು ಆಗ ಹೇಳುತ್ತಾರೆ, ಫೋನಿನಲ್ಲಿ ಚಾರ್ಜ್ ಇರಲಿ.